ಬಳ್ಳಾರಿ, ಕನಕಗಿರಿ, ಸರಸ್ವತಿ: ಫಿಬೊನಾಚಿ ಸಂಖ್ಯೆಗಳು ಹುಟ್ಟಿದ್ದು ಎಲ್ಲಿ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸ್. ಗಣಿತದ ಪ್ರಾಜೆಕ್ಟ್‌ಗೆ ಫಿಬೊನಾಚಿ ಸರಣಿ ಕೊಟ್ಟಿದ್ದಾರೆ. ಇಟಲಿಯವನೊಬ್ಬ ಮೊಲಗಳ ಲೆಕ್ಕ ಹಾಕುವಾಗ ಕಂಡುಹಿಡಿದ ಅಂತ ಗೈಡ್‌ನಲ್ಲಿದೆ. ವಾಟ್ಸಾಪ್‌ನಲ್ಲಿ ನೋಡಿದರೆ, ಇದು ನಮ್ಮ ಋಷಿಗಳದ್ದು, ಅವನು ಕದ್ದುಕೊಂಡು ಹೋದ ಅಂತ ಬಂದಿದೆ. ಅವಳು ಯಾವುದನ್ನು ಬರೆಯಬೇಕು? ಸೂರ್ಯಕಾಂತಿಯಲ್ಲೂ ಇದೇ ಸಂಖ್ಯೆಗಳು ಇರುತ್ತವೆ ಅಂತಾರೆ. ನಮ್ಮ ಹೊಲದಲ್ಲೇ ಸೂರ್ಯಕಾಂತಿ ಇದೆ. ಎಣಿಸಿದರೆ ನಿಜವಾಗ್ಲೂ ಸಿಗುತ್ತಾ?
– ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ಎರಡನ್ನೂ ಹಾಗೆಹಾಗೇ ಬರೆಯುವುದು ಬೇಡ. ಇಟಲಿಯವನಿಗಿಂತ ಕೆಲವು ನೂರು ವರ್ಷ ಮೊದಲೇ ಈ ಸಂಖ್ಯೆಗಳು ನಮ್ಮ ದೇಶದಲ್ಲಿ ಗೊತ್ತಿದ್ದವು. ಆ ಮಾತು ನಿಜ. ಆದರೆ ಕಂಡುಹಿಡಿದವರು ಋಷಿಗಳಲ್ಲ, ಛಂದಸ್ಸಿನ ಪಂಡಿತರು. ಕಳ್ಳತನದ ಆರೋಪಕ್ಕಂತೂ ಯಾವ ಆಧಾರವೂ ಇಲ್ಲ. ನಿಮ್ಮ ಮಗಳಿಗೆ ಇನ್ನೊಂದು ಅನುಕೂಲ ಇದೆ: ಈ ಸರಣಿಯ ಮೂಲ ಅವಳ ಗಣಿತದ ಪುಸ್ತಕಕ್ಕಿಂತ ಕನ್ನಡ ವ್ಯಾಕರಣದ ಪಾಠಕ್ಕೇ ಹತ್ತಿರ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಸರಣಿ ನೋಡಿ: 1, 2, 3, 5, 8, 13, 21, 34, 55, 89... ಹಿಂದಿನ ಎರಡು ಸಂಖ್ಯೆ ಕೂಡಿಸಿದರೆ ಮುಂದಿನದು ಬರುತ್ತದೆ. ಅಷ್ಟೇ ನಿಯಮ. ಕೆಲವು ಪುಸ್ತಕಗಳಲ್ಲಿ 1, 1, 2, 3 ಅಂತ ಶುರುವಾಗುತ್ತದೆ, ಇನ್ನು ಕೆಲವದರಲ್ಲಿ 0ಯಿಂದ. ಅದರಿಂದ ಏನೂ ವ್ಯತ್ಯಾಸ ಇಲ್ಲ.

ಈಗ ಕನ್ನಡ ಪಾಠಕ್ಕೆ ಬನ್ನಿ. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು ಮಾತ್ರೆ. ದೀರ್ಘ ಇದ್ದರೆ ಗುರು. ಅನುಸ್ವಾರ ಇದ್ದರೆ ಗುರು. ಮುಂದಿನ ಅಕ್ಷರಕ್ಕೆ ಒತ್ತು ಇದ್ದರೆ ಅದರ ಹಿಂದಿನ ಅಕ್ಷರ ಗುರು. ‘ಕೊಪ್ಪಳ’ದಲ್ಲಿ ‘ಕೊ’ ಹ್ರಸ್ವವೇ ಆದರೂ ಮುಂದೆ ‘ಪ್ಪ’ ಇರುವುದರಿಂದ ಗುರುವಾಯಿತು. ಗುರು, ಲಘು, ಲಘು: ಒಟ್ಟು ನಾಲ್ಕು ಮಾತ್ರೆ. ‘ಹಂಪಿ’ ಮೂರು ಮಾತ್ರೆ, ‘ರಾಯಚೂರು’ ಆರು. ಇದನ್ನು ನಾವೆಲ್ಲ ಶಾಲೆಯಲ್ಲಿ ಪ್ರಸ್ತಾರ ಹಾಕಿ ಮಾಡಿದ್ದೇವೆ, ಅಲ್ವಾ? ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತೂ ಬಿಟ್ಟಿದ್ದೇವೆ.

ಹಳೆಯ ಛಂದಸ್ಸಿನವರು ಕೇಳಿಕೊಂಡ ಪ್ರಶ್ನೆ ಇದು: ಇಷ್ಟು ಮಾತ್ರೆಯನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಒಂದು ಮಾತ್ರೆಗೆ ಒಂದೇ ದಾರಿ, ಬರೀ ಒಂದು ಲಘು. ಎರಡು ಮಾತ್ರೆಗೆ ಎರಡು: ಎರಡು ಲಘು, ಇಲ್ಲವೇ ಒಂದು ಗುರು. ಮೂರಕ್ಕೆ ಮೂರು. ನಾಲ್ಕಕ್ಕೂ ನಾಲ್ಕೇ ಇರಬಹುದು ಅನ್ನಿಸುತ್ತದೆ, ಆದರೆ ಬರುವುದು ಐದು. ಐದು ಮಾತ್ರೆಗೆ ಎಂಟು. ಅವೆಂಟನ್ನೂ ಇಲ್ಲಿ ಹಾಕಿದ್ದೇನೆ. ನಮ್ಮ ಕಡೆಯ ಊರುಗಳ ಹೆಸರು ಸಿಕ್ಕಷ್ಟು ಬಳಸಿಕೊಂಡು, ಉಳಿದದ್ದಕ್ಕೆ ಹೆಣ್ಣುಮಕ್ಕಳ ಹೆಸರು ತಂದಿದ್ದೇನೆ. ಗೆರೆ ಗುರು, ಬಟ್ಟಲು ಲಘು.

ಬಳ್ಳಾರಿ: – – ∪
ಸಿರುಗುಪ್ಪ: ∪ ∪ – ∪
ಕಾರಟಗಿ: – ∪ ∪ ∪
ಕನಕಗಿರಿ: ∪ ∪ ∪ ∪ ∪
ಸರಸ್ವತಿ: ∪ – ∪ ∪
ಊರ್ಮಿಳಾ: – ∪ –
ಯಶೋದಾ: ∪ – –
ಸುನಯನಾ: ∪ ∪ ∪ –

(ಪದ್ಯದ ಸಾಲಿನ ಕೊನೆಯ ಲಘುವನ್ನು ಗುರು ಅಂತ ಹಿಡಿಯುವ ರಿಯಾಯಿತಿ ಇದೆ. ಇಲ್ಲಿ ಅದನ್ನು ತರಬೇಡಿ, ಲೆಕ್ಕ ಕೆಡುತ್ತದೆ.)

ಒಂಬತ್ತನೆಯದನ್ನು ಹುಡುಕಿ ನೋಡಿ, ಸಿಗುವುದಿಲ್ಲ. ಯಾಕೆ ಅನ್ನುವುದು ಕೊನೆಯ ಅಕ್ಷರದಲ್ಲಿದೆ. ಮೇಲಿನ ಐದು ಹೆಸರು ಲಘುವಿನಲ್ಲಿ ಮುಗಿಯುತ್ತವೆ. ಆ ಕೊನೆಯ ಲಘುವನ್ನು ತೆಗೆದುಬಿಡಿ. – –, ∪ ∪ –, – ∪ ∪, ∪ ∪ ∪ ∪, ∪ – ∪ ಉಳಿಯುತ್ತವೆ. ನಾಲ್ಕು ಮಾತ್ರೆಯ ಐದು ಬಗೆಗಳೂ ಅಲ್ಲಿವೆ, ಒಂದೂ ತಪ್ಪಿಲ್ಲ, ಒಂದೂ ಎರಡು ಸಲ ಬಂದಿಲ್ಲ. ಕೆಳಗಿನ ಮೂರು ಹೆಸರು ಗುರುವಿನಲ್ಲಿ ಮುಗಿಯುತ್ತವೆ. ಆ ಗುರು ತೆಗೆದರೆ – ∪, ∪ –, ∪ ∪ ∪. ಮೂರು ಮಾತ್ರೆಯ ಮೂರೂ ಬಗೆ. ಐದು ಮತ್ತು ಮೂರು ಕೂಡಿ ಎಂಟು.

ಎಷ್ಟೇ ಮಾತ್ರೆ ಇರಲಿ, ಕೊನೆಯ ಅಕ್ಷರ ಒಂದೋ ಲಘು, ಇಲ್ಲವೇ ಗುರು. ಮೂರನೆಯ ದಾರಿ ಇಲ್ಲ. ಲಘುವಾದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆ ಇರುವ ಎಲ್ಲ ಬಗೆಗಳೂ ಬರುತ್ತವೆ, ಗುರುವಾದರೆ ಎರಡು ಮಾತ್ರೆ ಕಡಿಮೆ ಇರುವವು. ಆದ್ದರಿಂದಲೇ ಹಿಂದಿನ ಎರಡನ್ನು ಕೂಡಿಸಬೇಕು. ಆರು ಮಾತ್ರೆಗೆ 8 ಮತ್ತು 5 ಸೇರಿ 13, ಏಳಕ್ಕೆ 21. ಗೈಡ್‌ಗಳಲ್ಲಿ ‘ಕೂಡಿಸಬೇಕು’ ಅಂತ ಇರುತ್ತದೆ, ಯಾಕೆ ಕೂಡಿಸಬೇಕು ಅಂತ ಇರುವುದಿಲ್ಲ. ನಿಮ್ಮ ಮಗಳ ಪ್ರಾಜೆಕ್ಟ್‌ನಲ್ಲಿ ಈ ಒಂದು ಪುಟ ಇದ್ದರೆ ನನ್ನ ಪ್ರಕಾರ ಉಳಿದದ್ದು ಇಲ್ಲದಿದ್ದರೂ ನಡೆಯುತ್ತದೆ.

ಈ ನಿಯಮವನ್ನು ಸ್ಪಷ್ಟವಾಗಿ ಹೇಳಿದ ಮೊದಲಿಗರಲ್ಲಿ ವಿರಹಾಂಕನ ಹೆಸರು ಬರುತ್ತದೆ. ಅವನ ಕಾಲ ಕ್ರಿ.ಶ. 600ರಿಂದ 800ರ ನಡುವೆ ಎಂದು ವಿದ್ವಾಂಸರ ಅಂದಾಜು. ಅವನ ಗ್ರಂಥ ‘ವೃತ್ತಜಾತಿಸಮುಚ್ಚಯ’ ಇರುವುದು ಪ್ರಾಕೃತದಲ್ಲಿ, ಸಂಸ್ಕೃತದಲ್ಲಲ್ಲ. ಇದು ಸುಮ್ನೆ ಆದದ್ದಲ್ಲ. ಸಂಸ್ಕೃತದ ಹೆಚ್ಚಿನ ವೃತ್ತಗಳಲ್ಲಿ ಲೆಕ್ಕ ಇಡುವುದು ಅಕ್ಷರಗಳನ್ನು. ಅಕ್ಷರ ಎಣಿಸಿದರೆ ಪ್ರತಿ ಅಕ್ಷರವೂ ಲಘು ಅಥವಾ ಗುರು, ಆಗ 2, 4, 8, 16 ಅಂತ ದುಪ್ಪಟ್ಟಾಗುತ್ತ ಹೋಗುತ್ತದೆ. ಕ್ರಿಸ್ತಪೂರ್ವ ಕಾಲದ ಪಿಂಗಳ ತನ್ನ ಛಂದಶ್ಶಾಸ್ತ್ರದಲ್ಲಿ ಆ ಲೆಕ್ಕವನ್ನು ಬಹಳ ಚೆನ್ನಾಗಿ ಮಾಡಿದ್ದಾನೆ. ಪ್ರಾಕೃತದ ಪದ್ಯಗಳಲ್ಲಿ ಮಾತ್ರೆ ಎಣಿಸುವ ಪದ್ಧತಿ ಜಾಸ್ತಿ. ಮಾತ್ರೆ ಎಣಿಸಿದಾಗಲೇ ನಮ್ಮ ಸರಣಿ ಎದ್ದು ಬರುವುದು. ಜನರ ಬಾಯಲ್ಲಿದ್ದ ಹಾಡಿನ ಲಯ ಇಲ್ಲದಿದ್ದರೆ ಈ ಪ್ರಶ್ನೆ ಯಾರಿಗೂ ಹೊಳೆಯುತ್ತಿರಲಿಲ್ಲವೇನೋ. ವಾಟ್ಸಾಪ್‌ನವರು ಎಲ್ಲವನ್ನೂ ಪಿಂಗಳನ ತಲೆಗೇ ಕಟ್ಟುತ್ತಾರೆ. ಪಿಂಗಳನ ಸೂತ್ರಗಳಲ್ಲಿ ಇದರ ಸುಳಿವು ಹುಡುಕುವವರು ಇದ್ದಾರೆ, ನಿಜ. ಆದರೆ ‘ಹಿಂದಿನ ಎರಡನ್ನು ಕೂಡಿಸು’ ಅನ್ನುವ ಮಾತು ಬಿಚ್ಚಿ ಹೇಳಿದಂತೆ ಸಿಗುವುದು ವಿರಹಾಂಕನ ಕಾಲಕ್ಕೆ. ಚಾರ್ಟ್‌ನಲ್ಲಿ ಅಷ್ಟನ್ನೇ ಬರೆಯಲಿ.

ವಿರಹಾಂಕನ ಗ್ರಂಥಕ್ಕೆ ಗೋಪಾಲ ಎಂಬ ಪಂಡಿತ ವ್ಯಾಖ್ಯಾನ ಬರೆದ. ಅದು 1135ಕ್ಕಿಂತ ಮೊದಲಿನದು. 3, 5, 8, 13, 21 ಅಂತ ಅವನು ಸಂಖ್ಯೆಗಳನ್ನೇ ಎತ್ತಿ ತೋರಿಸುತ್ತಾನೆ. ಆಮೇಲೆ ಗುಜರಾತಿನ ಜೈನ ಆಚಾರ್ಯ ಹೇಮಚಂದ್ರ, ಸುಮಾರು 1150ರಲ್ಲಿ, ‘ಛಂದೋನುಶಾಸನ’ದಲ್ಲಿ ಇದೇ ನಿಯಮ ಹೇಳಿದ. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ಮಂಜುಲ್ ಭಾರ್ಗವ ಇವನ್ನು ಹೇಮಚಂದ್ರ ಸಂಖ್ಯೆಗಳು ಎಂದು ಕರೆದು ಜನಕ್ಕೆ ಪರಿಚಯ ಮಾಡಿಸುತ್ತ ಬಂದಿದ್ದಾರೆ.

ಕನ್ನಡದ್ದೇನು ಅಂತ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿರುವ ನಾಡು ಯಾವುದು ಎಂದು ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆಗೆ ನಿಮ್ಮ ಕೊಪ್ಪಳ, ಅಂದಿನ ಕೊಪಣ. ಈ ಕನ್ನಡ ಮುಂದೆ ಮಾತ್ರೆಯ ಛಂದಸ್ಸಿಗೆ ಗಟ್ಟಿಯಾಗಿ ಒಗ್ಗಿಕೊಂಡಿತು. ಶಾಲೆಯಲ್ಲಿ ಕಲಿಯುವ ಷಟ್ಪದಿಗಳೆಲ್ಲ ಮಾತ್ರೆಯ ಮೇಲೇ ನಿಂತಿವೆ. ಭಾಮಿನಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಅಂತ ಗಣ ನಡೆಯುತ್ತದೆ, ವಾರ್ಧಕದಲ್ಲಿ ಐದೈದು.

ಆದರೆ ಕನ್ನಡದ ಮಾತ್ರಾಗಣಕ್ಕೆ ಒಂದು ಹಟ ಇದೆ. ಗಣದ ಮೊದಲಲ್ಲೇ ಲಘು ಬಂದು ಅದರ ಬೆನ್ನಿಗೆ ಗುರು ಬರುವುದನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಓದುವಾಗ ಲಯ ಎಡವಿದ ಹಾಗೆ ಆಗುತ್ತದೆ. ಹಾಗಾದರೆ ಮೇಲಿನ ಎಂಟರಲ್ಲಿ ಯಾವುದಕ್ಕೆ ಪ್ರವೇಶ ಇಲ್ಲ? ಸರಸ್ವತಿಗೆ, ಯಶೋದಾಗೆ. ಎರಡೂ ಸಂಸ್ಕೃತದಿಂದ ಬಂದ ಹೆಸರು. ನಾನು ಹಾಕಿದ ನಾಲ್ಕು ಊರುಗಳಲ್ಲಿ ಒಂದಕ್ಕೂ ಅಡ್ಡಿ ಇಲ್ಲ. ಉಳಿದದ್ದು ಆರು ಬಗೆ. ಮೂರು ಮಾತ್ರೆಯಲ್ಲಿ ಇದೇ ರೀತಿ ತೆಗೆದರೆ ಮೂರರಲ್ಲಿ ಎರಡು ಉಳಿಯುತ್ತವೆ, ನಾಲ್ಕು ಮಾತ್ರೆಯಲ್ಲಿ ಐದರಲ್ಲಿ ನಾಲ್ಕು, ಆರು ಮಾತ್ರೆಯಲ್ಲಿ ಹದಿಮೂರರಲ್ಲಿ ಹತ್ತು. ಸಾಲಾಗಿ ಇಡಿ: 2, 4, 6, 10. ಎಲ್ಲವನ್ನೂ ಎರಡರಿಂದ ಭಾಗಿಸಿ: 1, 2, 3, 5!

ಬಾಗಿಲಲ್ಲಿ ತಡೆದರೂ ಅದೇ ಸರಣಿ ದುಪ್ಪಟ್ಟಾಗಿ ಒಳಗೆ ಬಂತು. ಕಾರಣ ಕಷ್ಟದ್ದಲ್ಲ. ಲಘು ಗುರು ಜೋಡಿಗೆ ಬಾಗಿಲು ಮುಚ್ಚಿದರೆ ಗಣ ಶುರುವಾಗಲು ಎರಡೇ ದಾರಿ ಉಳಿಯುತ್ತದೆ, ಒಂದು ಗುರು ಅಥವಾ ಎರಡು ಲಘು. ಎರಡೂ ಎರಡೆರಡು ಮಾತ್ರೆಯವೇ. ಉಳಿದ ಮಾತ್ರೆಗಳನ್ನು ಹೇಗೆ ಬೇಕಾದರೂ ತುಂಬಬಹುದು. ಆದ್ದರಿಂದ ಎರಡು ಮಾತ್ರೆ ಕಡಿಮೆ ಇರುವ ಲೆಕ್ಕದ ಎರಡರಷ್ಟು. ಏಳು ಮಾತ್ರೆಗೆ ಎಷ್ಟು ಬರಬೇಕು ಅಂತ ನಿಮ್ಮ ಮಗಳು ಮೊದಲು ಹೇಳಲಿ, ಆಮೇಲೆ ಬರೆದು ಎಣಿಸಲಿ.

ಇನ್ನು ಇಟಲಿಯವನ ವಿಷಯ. ಅವನ ಹೆಸರು ಲಿಯೊನಾರ್ಡೊ, ಊರು ಪಿಸಾ, ಹುಟ್ಟಿದ್ದು ಸುಮಾರು 1170ರಲ್ಲಿ. ತಂದೆ ಉತ್ತರ ಆಫ್ರಿಕಾದ ಬುಗಿಯಾ ಬಂದರಿನಲ್ಲಿ (ಇಂದಿನ ಅಲ್ಜೀರಿಯಾದಲ್ಲಿದೆ) ಪಿಸಾದ ವ್ಯಾಪಾರಿಗಳ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದ. ಮಗ ಅಲ್ಲಿ ಲೆಕ್ಕ ಕಲಿತ, ಆಮೇಲೆ ಈಜಿಪ್ಟ್, ಸಿರಿಯಾ, ಗ್ರೀಸ್ ಕಡೆ ಓಡಾಡಿ ಇನ್ನಷ್ಟು ಕಲಿತ. 1202ರಲ್ಲಿ ‘ಲಿಬರ್ ಅಬಾಚಿ’ ಅಂತ ದೊಡ್ಡ ಪುಸ್ತಕ ಬರೆದ. ಆ ಪುಸ್ತಕದ ಮೊದಲ ಅಧ್ಯಾಯದಲ್ಲೇ ಒಂಬತ್ತು ಅಂಕಿಗಳನ್ನು ಕೊಟ್ಟು, ಇವು ಭಾರತೀಯರ ಅಂಕಿಗಳು ಎಂದು ಬರೆದಿದ್ದಾನೆ. ಇವುಗಳ ಜೊತೆಗೆ ಸೊನ್ನೆಯೂ ಸೇರಿದರೆ ಯಾವ ಸಂಖ್ಯೆಯನ್ನಾದರೂ ಬರೆಯಬಹುದು ಅಂತಲೂ ಹೇಳುತ್ತಾನೆ. ಕದಿಯುವವನು ಮೊದಲ ಅಧ್ಯಾಯದಲ್ಲೇ ಮಾಲೀಕರ ಹೆಸರು ಬರೆಯುತ್ತಾನಾ? ರೋಮನ್ ಅಂಕಿಗಳಲ್ಲಿ ಗುಣಾಕಾರಕ್ಕೆ ಒದ್ದಾಡುತ್ತಿದ್ದ ಯುರೋಪಿಗೆ ನಮ್ಮ ಅಂಕಿಗಳನ್ನು ಮುಟ್ಟಿಸಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು. ಅವನನ್ನು ನೆನೆಯಬೇಕಾದದ್ದು ಅದಕ್ಕೆ, ಮೊಲಕ್ಕಲ್ಲ.

ಮೊಲದ ಲೆಕ್ಕ ಆ ಪುಸ್ತಕದ ನೂರಾರು ಲೆಕ್ಕಗಳಲ್ಲಿ ಒಂದು. ಗೋಡೆ ಕಟ್ಟಿದ ಜಾಗದಲ್ಲಿ ಒಂದು ಜೋಡಿ ಮೊಲ ಇದೆ. ಪ್ರತಿ ಜೋಡಿ ತಿಂಗಳಿಗೊಂದು ಜೋಡಿ ಹಾಕುತ್ತದೆ. ಹುಟ್ಟಿದ ಜೋಡಿ ಎರಡನೇ ತಿಂಗಳಿಂದ ಮರಿ ಹಾಕಲು ಶುರು ಮಾಡುತ್ತದೆ. ಯಾವ ಮೊಲವೂ ಸಾಯುವುದಿಲ್ಲ. ವರ್ಷದ ಕೊನೆಗೆ ಎಷ್ಟು ಜೋಡಿ? ಉತ್ತರ 377. ಲಿಯೊನಾರ್ಡೊ ಈ ಸಾಲಿಗೆ ಹೆಸರೂ ಇಟ್ಟಿಲ್ಲ, ಇದರ ಗುಣಗಳನ್ನು ಹುಡುಕುತ್ತಲೂ ಕೂತಿಲ್ಲ. ಅವನಿಗೆ ಇದು ಸಂಕಲನದ ಒಂದು ಅಭ್ಯಾಸ. ವಿರಹಾಂಕನ ಲೆಕ್ಕ ಅರಬರ ಮೂಲಕ ಅವನಿಗೆ ಮುಟ್ಟಿತೇ? ಅಂಕಿಗಳು ಮುಟ್ಟಿದ್ದಕ್ಕೆ ದಾಖಲೆ ಇದೆ, ಈ ಸರಣಿ ಮುಟ್ಟಿದ್ದಕ್ಕೆ ಇಲ್ಲ. ಒಂದೇ ಲೆಕ್ಕ ಇಬ್ಬರಿಗೆ ಬೇರೆ ಬೇರೆಯಾಗಿ ಹೊಳೆಯುವುದು ಗಣಿತದಲ್ಲಿ ದಿನನಿತ್ಯದ ಮಾತು.

ಪ್ರಾಣಿಗಳ ಲೆಕ್ಕವೇ ಬೇಕೆಂದರೆ ನನಗೆ ನಾರಾಯಣ ಪಂಡಿತನ ಆಕಳು ಹೆಚ್ಚು ಇಷ್ಟ. 1356ರ ‘ಗಣಿತಕೌಮುದಿ’ಯಲ್ಲಿ ಅವನು ಕೇಳುತ್ತಾನೆ: ಒಂದು ಆಕಳು ವರ್ಷಕ್ಕೊಂದು ಕರು ಹಾಕುತ್ತದೆ, ಆ ಕರು ನಾಲ್ಕನೇ ವರ್ಷದಿಂದ ತಾನೂ ವರ್ಷಕ್ಕೊಂದು ಹಾಕುತ್ತದೆ, ಇಪ್ಪತ್ತು ವರ್ಷಕ್ಕೆ ಒಟ್ಟು ಎಷ್ಟು? ಇಲ್ಲಿ ಕೂಡಿಸಬೇಕಾದದ್ದು ಹಿಂದಿನ ವರ್ಷದ ಸಂಖ್ಯೆಯನ್ನೂ ಮೂರು ವರ್ಷ ಹಿಂದಿನದನ್ನೂ. 1, 2, 3, 4, 6, 9, 13, 19 ಅಂತ ಹೋಗಿ ಇಪ್ಪತ್ತನೇ ವರ್ಷಕ್ಕೆ 2745 ಬರುತ್ತದೆ. ಹೋರಿಗರು ಹುಟ್ಟಲೇ ಇಲ್ಲವಾ ಅಂತ ಕೇಳಬೇಡಿ. ಲೆಕ್ಕದ ಪುಸ್ತಕದಲ್ಲಿ ಮೊಲ ಸಾಯುವುದಿಲ್ಲ, ಹೋರಿ ಹುಟ್ಟುವುದಿಲ್ಲ.

ಫಿಬೊನಾಚಿ ಎಂಬ ಹೆಸರು ತೀರಾ ಈಚಿನದು. ‘ಬೊನಾಚಿಯ ಮಗ’ ಅನ್ನುವ ಅರ್ಥದ ಆ ಹೆಸರು ಚಾಲ್ತಿಗೆ ಬಂದದ್ದು 19ನೇ ಶತಮಾನದಲ್ಲಿ, ಅವನು ಸತ್ತು ಆರು ನೂರು ವರ್ಷವಾದ ಮೇಲೆ. ಸರಣಿಗೆ ಆ ಹೆಸರನ್ನು ಅಂಟಿಸಿದವನು ಫ್ರಾನ್ಸ್‌ನ ಎಡ್ವರ್ಡ್ ಲುಕಾ, 1870ರ ದಶಕದಲ್ಲಿ. ಲುಕಾ ಇದೇ ಜಾತಿಯ ಸರಣಿಗಳನ್ನು ಹಿಡಿದು 1876ರಲ್ಲಿ 39 ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯ ಎಂದು ಕೈಲೆಕ್ಕದಲ್ಲೇ ತೋರಿಸಿದ. ಹೇಮಚಂದ್ರನ ವಿಷಯ ಅವನಿಗೆ ಗೊತ್ತಿದ್ದಿದ್ದರೆ ಹೆಸರು ಬೇರೆ ಇರುತ್ತಿತ್ತೋ ಏನೋ.

ಈಗ ಹೊಲಕ್ಕೆ ಹೋಗೋಣ. ಸಿಗುತ್ತಾ ಅಂತ ಕೇಳಿದ್ದೀರಿ. ಬಹಳ ಸಲ ಸಿಗುತ್ತದೆ, ಯಾವಾಗಲೂ ಅಲ್ಲ.

ಕಾಳು ಕಟ್ಟಿದ ಒಂದು ತೆನೆ ತೆಗೆದುಕೊಳ್ಳಿ. ಮೇಲಿರುವ ಒಣಗಿದ ಸಣ್ಣ ಹೂಗಳನ್ನು ಅಂಗೈಯಿಂದ ಉಜ್ಜಿದರೆ ಉದುರುತ್ತವೆ, ಕೆಳಗೆ ಕಾಳುಗಳ ಸಾಲು ಕಾಣುತ್ತದೆ. ಸಾಲುಗಳು ನಡುವಿನಿಂದ ಸುತ್ತಿಕೊಂಡು ಅಂಚಿಗೆ ಬರುತ್ತವೆ. ಕೆಲವು ಬಲಕ್ಕೆ ಬಾಗಿರುತ್ತವೆ, ಕೆಲವು ಎಡಕ್ಕೆ. ಒಂದೇ ಕಾಳು ಎರಡೂ ಸಾಲಿನಲ್ಲಿರುತ್ತದೆ. ಎಣಿಸಬೇಕಾದದ್ದು ಅಂಚಿನಲ್ಲಿ, ನಡುವೆ ಅಲ್ಲ. ನಡುವೆ ಕಾಳು ಜೊಳ್ಳಾಗಿ ಸಾಲು ಕೆಟ್ಟಿರುತ್ತದೆ. ಬರೀ ಕಣ್ಣಲ್ಲಿ ಎಣಿಸಿದರೆ ಅರ್ಧ ಸುತ್ತಿಗೇ ತಲೆ ತಿರುಗುತ್ತದೆ. ತೆನೆಯ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸ್ಕೆಚ್ ಪೆನ್‌ನಲ್ಲಿ ಒಂದೊಂದೇ ಸಾಲನ್ನು ಎಳೆಯಲಿ. ಬಲಕ್ಕೆ ಒಂದು ಬಣ್ಣ, ಎಡಕ್ಕೆ ಇನ್ನೊಂದು. ಪ್ರತಿ ಹತ್ತನೇ ಸಾಲಿಗೆ ಒಂದು ಗುರುತು ಹಾಕಿದರೆ ತಪ್ಪುವುದಿಲ್ಲ. ಸಣ್ಣ ತೆನೆಯಲ್ಲಿ 21 ಮತ್ತು 34 ಬರಬಹುದು, ಮಧ್ಯಮದ್ದರಲ್ಲಿ 34 ಮತ್ತು 55, ದೊಡ್ಡದರಲ್ಲಿ 55 ಮತ್ತು 89.

ಗಿಡಕ್ಕೆ ಕೂಡಿಸುವುದು ಬರುವುದಿಲ್ಲ. ಅದಕ್ಕೆ ಬೇಕಿರುವುದು ಜಾಗ. ಹೊಸ ಮೊಗ್ಗು ಹುಟ್ಟುವಾಗ ಹಳೆಯ ಮೊಗ್ಗುಗಳಿಂದ ಆದಷ್ಟು ದೂರ, ಎಲ್ಲಿ ಹೆಚ್ಚು ಖಾಲಿ ಇದೆಯೋ ಅಲ್ಲಿ ಹುಟ್ಟುತ್ತದೆ. ಹೀಗೇ ನಡೆದರೆ ಒಂದು ಮೊಗ್ಗಿಗೂ ಮುಂದಿನದಕ್ಕೂ ನಡುವಿನ ಕೋನ ಸುಮಾರು 137.5 ಡಿಗ್ರಿಗೆ ಬಂದು ನಿಲ್ಲುತ್ತದೆ. ಅದೇ 120 ಡಿಗ್ರಿ ಆಗಿದ್ದರೆ ಮೂರನೇ ಮೊಗ್ಗು ಆದ ಮೇಲೆ ನಾಲ್ಕನೆಯದು ಮೊದಲನೆಯದರ ನೇರಕ್ಕೇ ಬಂದು ಮೂರು ಗೆರೆಗಳಾಗಿ, ನಡುವಿನ ಜಾಗವೆಲ್ಲ ಹಾಳಾಗುತ್ತಿತ್ತು. 137.5 ಡಿಗ್ರಿಯಲ್ಲಿ ಯಾವ ಮೊಗ್ಗೂ ಇನ್ನೊಂದರ ನೇರಕ್ಕೆ ಸರಿಯಾಗಿ ಬರುವುದಿಲ್ಲ. ಆಗ ಕಣ್ಣಿಗೆ ಕಾಣುವ ಸುತ್ತುಗಳ ಸಂಖ್ಯೆ ನಮ್ಮ ಸರಣಿಯದ್ದೇ ಆಗುತ್ತದೆ. 1992ರಲ್ಲಿ ಫ್ರಾನ್ಸ್‌ನ ಇಬ್ಬರು ಭೌತವಿಜ್ಞಾನಿಗಳು, ಡೂಆಡಿ ಮತ್ತು ಕೂಡೆ, ಒಂದನ್ನೊಂದು ದೂರ ತಳ್ಳುವ ಕಾಂತೀಯ ದ್ರವದ ಹನಿಗಳನ್ನು ಬೀಳಿಸಿ ಇದೇ ಸುತ್ತುಗಳನ್ನು ತಟ್ಟೆಯಲ್ಲಿ ಮೂಡಿಸಿ ತೋರಿಸಿದರು. ಅಲ್ಲಿ ಗಿಡವೇ ಇರಲಿಲ್ಲ.

ಯಾವಾಗಲೂ ಸಿಗುವುದಿಲ್ಲ ಅಂದೆನಲ್ಲ, ಅದಕ್ಕೂ ಲೆಕ್ಕ ಇದೆ. ಗಣಿತಜ್ಞ ಅಲನ್ ಟ್ಯೂರಿಂಗ್ ಹುಟ್ಟಿ ನೂರು ವರ್ಷವಾದ ನೆನಪಿಗೆ, 2012ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜನರಿಂದಲೇ ಸೂರ್ಯಕಾಂತಿ ಬೆಳೆಸಿ ಎಣಿಸಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಒಟ್ಟು 657 ಹೂವುಗಳ ಮಾಹಿತಿ ಸೇರಿತು. ಒಂದು ಹೂವಿಗೆ ಬಲದ್ದೊಂದು, ಎಡದ್ದೊಂದು ಎಣಿಕೆ. ಅದರಲ್ಲಿ ಹೆಚ್ಚು ನಂಬಬಹುದಾದ 768 ಎಣಿಕೆಗಳನ್ನು ಆರಿಸಿದಾಗ 565 ಸರಿಯಾಗಿ ಫಿಬೊನಾಚಿ ಸಂಖ್ಯೆಗಳೇ ಆಗಿದ್ದವು. ಅಂದರೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಉಳಿದವುಗಳಲ್ಲಿ ಕೆಲವು ಇದೇ ನಿಯಮದ ಬೇರೆ ಸರಣಿಯವು, ಉದಾಹರಣೆಗೆ 4, 7, 11, 18, 29, 47, 76. ಕೆಲವು ಯಾವ ನಿಯಮಕ್ಕೂ ಸಿಗದವು. ನಿಮ್ಮ ಹೊಲದ ತೆನೆಯಲ್ಲಿ 54 ಬಂದರೆ ಮಗಳು ಇನ್ನೊಮ್ಮೆ ಎಣಿಸಲಿ. ಮತ್ತೆ 54 ಬಂದರೆ 54 ಅಂತಲೇ ಬರೆಯಲಿ. ಅದನ್ನು 55 ಮಾಡಿ ಬರೆಯುವುದು ಬೇಡ. ಟೀಚರ್ ಮಾರ್ಕ್ಸ್ ಕಟ್ ಮಾಡಿದರೆ ಮ್ಯಾಂಚೆಸ್ಟರ್‌ನ ಲೆಕ್ಕ ತೋರಿಸಿ.

ಶಂಖದ ಸುರುಳಿ, ಹೊಕ್ಕುಳಿಂದ ಪಾದದ ಅಳತೆ, ದೇವಸ್ಥಾನದ ಗೋಪುರ, ಎಲ್ಲದರಲ್ಲೂ 1.618 ಇದೆ ಅನ್ನುವ ವಿಡಿಯೊಗಳನ್ನು ಪ್ರಾಜೆಕ್ಟ್‌ಗೆ ಸೇರಿಸಬೇಡಿ. ಸರಣಿಯಲ್ಲಿ ಅಕ್ಕಪಕ್ಕದ ಸಂಖ್ಯೆಗಳನ್ನು ಭಾಗಿಸುತ್ತ ಹೋದರೆ 1.618ರ ಹತ್ತಿರ ಬರುವುದು ನಿಜ. 89ನ್ನು 55ರಿಂದ ಭಾಗಿಸಿ ನೋಡಿ. ಆದರೆ ಅಳತೆಪಟ್ಟಿಯನ್ನು ಬೇಕಾದ ಕಡೆ ಹಿಡಿದರೆ ಬೇಕಾದ ಸಂಖ್ಯೆ ಯಾವ ವಸ್ತುವಿನಲ್ಲಾದರೂ ಸಿಗುತ್ತದೆ.

ಪರೀಕ್ಷೆಯಲ್ಲಿ ‘ಫಿಬೊನಾಚಿ ಸರಣಿ’ ಎಂದೇ ಬರೆಯಲಿ, ಜಗತ್ತಿನಲ್ಲಿ ಆ ಹೆಸರೇ ನಡೆಯುವುದು. ಚಾರ್ಟ್‌ನಲ್ಲಿ ಮಾತ್ರ ವಿರಹಾಂಕ, ಗೋಪಾಲ, ಹೇಮಚಂದ್ರ, ಲಿಯೊನಾರ್ಡೊ, ಈ ನಾಲ್ವರ ಹೆಸರನ್ನೂ ಕಾಲದ ಜೊತೆ ಹಾಕಲಿ. ನಡುವೆ ಎಂಟು ಹೆಸರುಗಳ ಪ್ರಸ್ತಾರ, ಪಕ್ಕದಲ್ಲಿ ಬಣ್ಣ ಹಾಕಿದ ತೆನೆಯ ಫೋಟೊ. ನಾನು ಕೊಟ್ಟ ಹೆಸರುಗಳನ್ನೇ ಇಡಬೇಕೆಂದಿಲ್ಲ. ಊರ್ಮಿಳಾ, ಸುನಯನಾ ಬದಲಿಗೆ ಅವಳ ಕ್ಲಾಸಿನ ಹಾಜರಿ ಪುಸ್ತಕದಲ್ಲೇ ಐದು ಮಾತ್ರೆಯ ಹೆಸರುಗಳು ಸಿಗುತ್ತವೆ.